ನೆಲ ಕಟ್ಟುವ ಜೀವಿಗಳು: ಲಕ್ಷದ್ವೀಪದ ಹವಳದ ದಿಬ್ಬಗಳು

ಕೇರಳದ ಕರಾವಳಿಯಿಂದ 220ರಿಂದ 440 ಕಿಲೋಮೀಟರ್ ದೂರದಲ್ಲಿ, ಅರಬ್ಬಿ ಸಮುದ್ರದ ನಡುವೆ ಚದುರಿಕೊಂಡಿರುವ ಲಕ್ಷದ್ವೀಪ ಸಮೂಹದ ಒಟ್ಟು ನೆಲ ಸುಮಾರು 32 ಚದರ ಕಿಲೋಮೀಟರ್ ಮಾತ್ರ. ಆ ನೆಲದಲ್ಲಿ ಬೆಟ್ಟವಿಲ್ಲ, ನದಿಯಿಲ್ಲ, ಕರಿಕಲ್ಲಿನ ಬಂಡೆಯೂ ಇಲ್ಲ. ಸಮುದ್ರಮಟ್ಟಕ್ಕಿಂತ ಕೆಲವೇ ಮೀಟರುಗಳಷ್ಟು ಮೇಲಿರುವ ಈ ದ್ವೀಪಗಳು ಸುಣ್ಣದಂಶದ ಬಿಳಿ ಮರಳಿನಿಂದ ಆದವುಗಳಾಗಿದ್ದು, ಆ ಮರಳಿನ ಬಹುಪಾಲು ಕಣಗಳು ಒಂದು ಕಾಲಕ್ಕೆ ಯಾವುದೋ ಕಡಲಜೀವಿಯ ಅಸ್ಥಿಯೋ ಚಿಪ್ಪೋ ಆಗಿದ್ದವು. 2011ರ ಜನಗಣತಿಯಂತೆ ಅರವತ್ತನಾಲ್ಕು ಸಾವಿರಕ್ಕೂ ಹೆಚ್ಚು ಜನ ಬಾಳುತ್ತಿರುವ, ತೆಂಗು ಬೆಳೆಯುವ, ಮನೆ ಮಸೀದಿ ಶಾಲೆಗಳು ನಿಂತಿರುವ ಈ ನೆಲವನ್ನು ಕಟ್ಟಿದ್ದು ಹವಳ ಮತ್ತು ಅದರ ಸಂಗಾತಿ ಜೀವಿಗಳು. ಅವು ಕಟ್ಟುವುದನ್ನು ನಿಲ್ಲಿಸಿದರೆ ಅಲೆಗಳು ಈ ನೆಲವನ್ನು ನಿಧಾನವಾಗಿ ಕರಗಿಸುತ್ತವೆ. ಆದುದರಿಂದ ಲಕ್ಷದ್ವೀಪದಲ್ಲಿ ಹವಳದ ಆರೋಗ್ಯದ ಪ್ರಶ್ನೆ ಜನರ ಕಾಲ ಕೆಳಗಿನ ನೆಲ ಉಳಿಯುವ ಪ್ರಶ್ನೆಯೂ ಆಗಿದೆ.

ಈ ದ್ವೀಪಗಳಿಗೂ ಕನ್ನಡ ನಾಡಿನ ಕರಾವಳಿಗೂ ಹಳೆಯ ನಂಟಿದೆ. ಅಮಿನಿ, ಕಡಮತ್, ಕಿಲ್ತಾನ್, ಚೆತ್ಲತ್ ಮತ್ತು ಬಿತ್ರ ದ್ವೀಪಗಳನ್ನು ಒಳಗೊಂಡ ಉತ್ತರದ ಅಮಿನ್‌ದಿವಿ ಗುಂಪು ಟಿಪ್ಪು ಸುಲ್ತಾನನ ಆಳ್ವಿಕೆಗೆ ಒಳಪಟ್ಟಿದ್ದು, 1799ರಲ್ಲಿ ಬ್ರಿಟಿಷರ ವಶವಾದ ಮೇಲೆ ಮಂಗಳೂರು ಕೇಂದ್ರವಾಗಿದ್ದ ದಕ್ಷಿಣ ಕನ್ನಡ ಜಿಲ್ಲೆಯ ಆಡಳಿತಕ್ಕೆ ಸೇರಿತು. ದ್ವೀಪವಾಸಿಗಳು ತೆಂಗಿನ ನಾರನ್ನೂ ಕೊಬ್ಬರಿಯನ್ನೂ ಹಾಯಿಹಡಗುಗಳಲ್ಲಿ ಮಂಗಳೂರಿಗೆ ತಂದು, ಅಕ್ಕಿಯನ್ನು ಕೊಂಡೊಯ್ಯುತ್ತಿದ್ದರು. 1956ರ ನವೆಂಬರ್ 1ರಂದು ಲಕ್ಷದ್ವೀಪದ ಎಲ್ಲ ದ್ವೀಪಗಳೂ ಸೇರಿ ಕೇಂದ್ರಾಡಳಿತ ಪ್ರದೇಶವಾಗುವವರೆಗೂ ಈ ಆಡಳಿತದ ಸಂಬಂಧ ಮುಂದುವರಿಯಿತು.

ಕಲ್ಲಿನೊಳಗಿನ ಪ್ರಾಣಿ

ಹವಳವನ್ನು ಬಹುಕಾಲ ಸಸ್ಯವೆಂದೇ ತಿಳಿಯಲಾಗಿತ್ತು. ಹದಿನೆಂಟನೆಯ ಶತಮಾನದ ಮೊದಲರ್ಧದಲ್ಲಿ ಫ್ರಾನ್ಸಿನ ಮಾರ್ಸೇ ನಗರದ ವೈದ್ಯ ಝಾಂ ಆಂದ್ರೆ ಪೇಸೊನೆಲ್, ಹವಳದ ಕೊಂಬೆಗಳ ಮೇಲೆ ಅರಳಿದಂತೆ ಕಾಣುವ ಪುಟ್ಟ ರಚನೆಗಳು ಹೂವುಗಳಲ್ಲ, ಪ್ರಾಣಿಗಳು ಎಂದು ವಾದಿಸಿದಾಗ ಅಂದಿನ ವಿದ್ವಾಂಸರು ಅದನ್ನು ಸುಲಭವಾಗಿ ಒಪ್ಪಲಿಲ್ಲ. ಅವರು ಹೇಳಿದ ಆ ಪುಟ್ಟ ಪ್ರಾಣಿಯನ್ನೇ ಇಂದು ಪಾಲಿಪ್ ಎಂದು ಕರೆಯುತ್ತಾರೆ. ಅನೇಕ ಪ್ರಭೇದಗಳಲ್ಲಿ ಕೆಲವೇ ಮಿಲಿಮೀಟರ್ ಅಗಲವಿರುವ ಈ ಪಾಲಿಪ್ ಮೆತ್ತಗಿನ ಚೀಲದಂತಹ ದೇಹವನ್ನು ಹೊಂದಿದ್ದು, ಅದಕ್ಕೆ ಮೇಲ್ಭಾಗದಲ್ಲಿ ಒಂದೇ ಒಂದು ತೆರಪಿರುತ್ತದೆ. ಆಹಾರ ಒಳಹೋಗುವುದೂ ತ್ಯಾಜ್ಯ ಹೊರಬರುವುದೂ ಅದೇ ದ್ವಾರದಿಂದ. ಆ ಬಾಯಿಯ ಸುತ್ತ ಆಹಾರ ಹಿಡಿಯುವ ಎಳೆಗಳಾದ ಗ್ರಹಣಾಂಗಗಳು ಸಾಲುಗಟ್ಟಿರುತ್ತವೆ. ಇವುಗಳ ಮೈಯಲ್ಲಿ ಹುದುಗಿರುವ ಕುಟುಕುಕಣಗಳೆಂಬ ವಿಶಿಷ್ಟ ಜೀವಕೋಶಗಳ ಒಳಗೆ ಸುರುಳಿ ಸುತ್ತಿಟ್ಟ ಟೊಳ್ಳು ದಾರವೊಂದಿದ್ದು, ಏನಾದರೂ ತಗುಲಿದೊಡನೆ ಅದು ಸೆಕೆಂಡಿನ ಸಾವಿರದಲ್ಲೊಂದು ಭಾಗಕ್ಕಿಂತಲೂ ಕಡಿಮೆ ಅವಧಿಯಲ್ಲಿ ಹೊರಚಿಮ್ಮಿ ಬೇಟೆಯ ಮೈಗೆ ವಿಷ ಸೇರಿಸುತ್ತದೆ. ಲೋಳೆಮೀನು, ಕಡಲ ಅನಿಮೋನ್ ಮತ್ತು ಹವಳ ಈ ಮೂರೂ ಒಂದೇ ಪ್ರಾಣಿವಂಶಕ್ಕೆ ಸೇರಿದವು ಎಂಬುದಕ್ಕೆ ಈ ಕುಟುಕುಕಣವೇ ಮುಖ್ಯ ಸಾಕ್ಷಿ.

ಹಗಲಿನಲ್ಲಿ ದಿಬ್ಬದ ಮೇಲೆ ಈಜುವವರಿಗೆ ಅನೇಕ ಹವಳಗಳು ಗಡುಸಾದ ಕಲ್ಲಿನಂತೆ ಕಾಣುತ್ತವೆ, ಏಕೆಂದರೆ ಪಾಲಿಪ್‌ಗಳು ಆಗ ತಮ್ಮ ಬಟ್ಟಲಿನಾಕಾರದ ಸುಣ್ಣದ ಗೂಡುಗಳೊಳಗೆ ಮುದುಡಿ ಕುಳಿತಿರುತ್ತವೆ. ಕತ್ತಲಾದ ಮೇಲೆ, ನೀರಿನ ಆಳದಿಂದ ಸೂಕ್ಷ್ಮ ಪ್ರಾಣಿಗಳು ಮೇಲೇರಿ ಬರುವ ಹೊತ್ತಿಗೆ, ಅವು ಗ್ರಹಣಾಂಗಗಳನ್ನು ಚಾಚುತ್ತವೆ. ಆಗ ಇಡೀ ಬಂಡೆಯ ಮೇಲ್ಮೈ ನವುರಾದ ರೋಮ ಬೆಳೆದಂತೆ ಕಾಣುತ್ತದೆ. ಒಂದು ಪಾಲಿಪ್ ತನ್ನನ್ನೇ ವಿಭಜಿಸಿಕೊಂಡು ಎರಡಾಗಿ, ಎರಡು ನಾಲ್ಕಾಗಿ, ಅವೆಲ್ಲವೂ ತೆಳುವಾದ ಅಂಗಾಂಶದಿಂದ ಪರಸ್ಪರ ಕೂಡಿಕೊಂಡು ಒಂದು ವಸಾಹತಾಗಿ ಬೆಳೆಯುವುದರಿಂದ, ಕೊಠಡಿಯಷ್ಟು ದೊಡ್ಡ ಹವಳದ ಗುಂಡೊಂದು ಮೂಲದಲ್ಲಿ ಒಂದೇ ಡಿಂಭದಿಂದ, ಅಂದರೆ ಮೊಟ್ಟೆಯೊಡೆದು ಈಜುತ್ತ ಬಂದ ಒಂದೇ ಎಳೆಯ ಜೀವಿಯಿಂದ, ಹುಟ್ಟಿದ್ದಾಗಿರಬಹುದು.

ಬೆಳಕಿನ ಮೇಲೆ ನಿಂತ ಸಹಜೀವನ

ಉಷ್ಣವಲಯದ ತಿಳಿಗಡಲಿನಲ್ಲಿ ಪೋಷಕಾಂಶಗಳು ತೀರ ಕಡಿಮೆ. ನೀರು ಅಷ್ಟು ಪಾರದರ್ಶಕವಾಗಿರುವುದಕ್ಕೆ ಅದರಲ್ಲಿ ತೇಲುವ ಸೂಕ್ಷ್ಮಜೀವಿಗಳ ಕೊರತೆಯೇ ಕಾರಣ. ಅಂತಹ ಬಡ ನೀರಿನಲ್ಲಿ ಇಷ್ಟೊಂದು ಜೀವಸಂಕುಲ ತುಂಬಿರುವುದು ಹೇಗೆ ಎಂಬ ಪ್ರಶ್ನೆಗೆ ಉತ್ತರ ಪಾಲಿಪ್‌ನ ಅಂಗಾಂಶದೊಳಗಿದೆ. ಅಲ್ಲಿ ಏಕಕೋಶದ ಕಂದುಬಣ್ಣದ ಶೈವಲಗಳು, ಅಂದರೆ ಪಾಚಿಯ ಜಾತಿಯ ಸೂಕ್ಷ್ಮ ಜೀವಿಗಳು, ಲಕ್ಷಗಟ್ಟಲೆ ಸಂಖ್ಯೆಯಲ್ಲಿ ನೆಲೆಸಿರುತ್ತವೆ. ಜೀವವಿಜ್ಞಾನಿಗಳು ಝೂಝಾಂತೆಲ್ಲೆ ಎಂದು ಕರೆಯುವ ಈ ಶೈವಲಗಳು ಸೂರ್ಯನ ಬೆಳಕನ್ನು ಬಳಸಿ ಸಕ್ಕರೆ ತಯಾರಿಸುವ ದ್ಯುತಿಸಂಶ್ಲೇಷಣೆಯನ್ನು ನಡೆಸಿ, ತಮ್ಮ ಉತ್ಪನ್ನದ ದೊಡ್ಡ ಪಾಲನ್ನು ಹವಳಕ್ಕೆ ಬಿಟ್ಟುಕೊಡುತ್ತವೆ. ಅನೇಕ ಹವಳಗಳ ಶಕ್ತಿಯ ಅಗತ್ಯದಲ್ಲಿ ಶೇಕಡಾ 90ರವರೆಗೂ ಇದರಿಂದಲೇ ಪೂರೈಕೆಯಾಗುತ್ತದೆ. ಪ್ರತಿಯಾಗಿ ಹವಳವು ಶೈವಲಕ್ಕೆ ಆಶ್ರಯವನ್ನೂ, ತನ್ನ ಉಸಿರಾಟದ ಇಂಗಾಲದ ಡೈಆಕ್ಸೈಡನ್ನೂ, ಸಾರಜನಕ ಮತ್ತು ರಂಜಕಗಳಿಂದ ಕೂಡಿದ ತನ್ನ ತ್ಯಾಜ್ಯವನ್ನೂ ಒದಗಿಸುತ್ತದೆ. ಒಬ್ಬರು ಬಿಟ್ಟದ್ದು ಇನ್ನೊಬ್ಬರ ಊಟವಾಗುವ ಈ ವ್ಯವಸ್ಥೆಯಿಂದಾಗಿ ಪೋಷಕಾಂಶಗಳು ನೀರುಪಾಲಾಗದೆ ದಿಬ್ಬದಲ್ಲಿಯೇ ಸುತ್ತುತ್ತಿರುತ್ತವೆ.

ಸುಣ್ಣದ ಅಸ್ಥಿ ಬೆಳೆಯುವ ವೇಗವೂ ಈ ಸಹಜೀವನದಿಂದಲೇ ಹೆಚ್ಚುತ್ತದೆ. ಸಮುದ್ರದ ನೀರಿನಲ್ಲಿ ಕರಗಿರುವ ಕ್ಯಾಲ್ಸಿಯಂ ಮತ್ತು ಕಾರ್ಬೊನೇಟ್ ಅಯಾನುಗಳನ್ನು ಹೀರಿಕೊಂಡು ಪಾಲಿಪ್ ತನ್ನ ಬುಡದಲ್ಲಿ ಅರಗೊನೈಟ್ ಎಂಬ ಹರಳುರೂಪದ ಕ್ಯಾಲ್ಸಿಯಂ ಕಾರ್ಬೊನೇಟನ್ನು ಪದರಪದರವಾಗಿ ಇಳಿಸುತ್ತ, ತಾನು ಮೇಲಕ್ಕೆ ಸರಿಯುತ್ತ ಹೋಗುತ್ತದೆ. ಗುಂಡಾಗಿ ಬೆಳೆಯುವ ಪೊರೈಟಿಸ್ ಜಾತಿಯ ಹವಳ ವರ್ಷಕ್ಕೆ ಸುಮಾರು ಒಂದು ಸೆಂಟಿಮೀಟರ್ ಬೆಳೆದರೆ, ಜಿಂಕೆಯ ಕೊಂಬಿನಂತೆ ಕವಲೊಡೆಯುವ ಅಕ್ರೊಪೊರ ಜಾತಿಯ ಕೆಲವು ಪ್ರಭೇದಗಳು ಹತ್ತು ಸೆಂಟಿಮೀಟರಿಗೂ ಹೆಚ್ಚು ಉದ್ದವಾಗುತ್ತವೆ. ಬೆಳಕು ಬೇಕಾಗಿರುವುದರಿಂದಲೇ ದಿಬ್ಬ ಕಟ್ಟುವ ಹವಳಗಳು ತಿಳಿಯಾದ, ಆಳವಿಲ್ಲದ, ಬೆಚ್ಚಗಿನ ನೀರನ್ನು ಬಯಸುತ್ತವೆ. ಹೂಳು ತುಂಬಿದ ನದೀಮುಖಗಳ ಬಳಿ ಅವು ಬೆಳೆಯಲಾರವು. ಮಳೆಗಾಲದಲ್ಲಿ ಸಹ್ಯಾದ್ರಿಯ ನದಿಗಳು ಕೆಂಪು ಮಣ್ಣನ್ನು ಹೊತ್ತು ತರುವ ಕರ್ನಾಟಕದ ಕರಾವಳಿಯಲ್ಲಿ ದೊಡ್ಡ ಹವಳದ ದಿಬ್ಬಗಳಿಲ್ಲದಿರುವುದಕ್ಕೂ, ಮುರುಡೇಶ್ವರದಿಂದ ಹತ್ತೊಂಬತ್ತು ಕಿಲೋಮೀಟರಿನಷ್ಟು ಕಡಲೊಳಗಿರುವ ನೇತ್ರಾಣಿ ದ್ವೀಪದಂತಹ ಕಡೆಗಳಲ್ಲಿ ಮಾತ್ರ ಹವಳಗಳ ಚಿಕ್ಕ ಸಮುದಾಯಗಳು ಉಳಿದುಕೊಂಡಿರುವುದಕ್ಕೂ ಇದು ಮುಖ್ಯ ಕಾರಣ.

ಮುಳುಗುವ ಪರ್ವತ, ಏರುವ ಉಂಗುರ

ಆಳವಿಲ್ಲದ ನೀರಿನಲ್ಲಿ ಮಾತ್ರ ಬೆಳೆಯಬಲ್ಲ ಹವಳಗಳು ಸಾವಿರಾರು ಮೀಟರ್ ಆಳದ ನಡುಗಡಲಿನಲ್ಲಿ ಉಂಗುರಾಕಾರದ ದ್ವೀಪಗಳನ್ನು ಕಟ್ಟಿದ್ದು ಹೇಗೆ ಎಂಬುದು ಒಂದು ಕಾಲಕ್ಕೆ ದೊಡ್ಡ ಒಗಟಾಗಿತ್ತು. 1842ರಲ್ಲಿ ಪ್ರಕಟವಾದ ಹವಳದ ದಿಬ್ಬಗಳ ಕುರಿತ ಗ್ರಂಥದಲ್ಲಿ ಚಾರ್ಲ್ಸ್ ಡಾರ್ವಿನ್ ಇದಕ್ಕೆ ಸರಳವಾದ ಉತ್ತರ ಕೊಟ್ಟನು. ಜ್ವಾಲಾಮುಖಿಯೊಂದು ಸಮುದ್ರದಿಂದ ಮೇಲೆದ್ದು ದ್ವೀಪವಾದಾಗ ಅದರ ಅಂಚಿಗೆ ಹವಳದ ದಿಬ್ಬ ಬೆಳೆಯುತ್ತದೆ; ಕಾಲಾಂತರದಲ್ಲಿ ಆ ಪರ್ವತ ನಿಧಾನವಾಗಿ ಕುಸಿದು ಮುಳುಗತೊಡಗಿದಂತೆ ಹವಳಗಳು ಬೆಳಕಿನ ಮಟ್ಟ ಬಿಡದೆ ಮೇಲಕ್ಕೆ ಕಟ್ಟುತ್ತ ಹೋಗುತ್ತವೆ; ಕೊನೆಗೆ ಪರ್ವತ ಪೂರ್ಣ ಮುಳುಗಿ, ಅದರ ಅಂಚಿನ ಗುರುತಾಗಿ ಹವಳದ ಉಂಗುರವೊಂದೇ ಉಳಿಯುತ್ತದೆ. ಈ ಉಂಗುರವನ್ನು ಅಟಾಲ್ ಎಂದೂ, ಅದರೊಳಗಿನ ಶಾಂತವಾದ ಆಳವಿಲ್ಲದ ನೀರನ್ನು ಲಗೂನ್ ಎಂದೂ ಕರೆಯುತ್ತಾರೆ. 1952ರಲ್ಲಿ ಪೆಸಿಫಿಕ್ ಸಾಗರದ ಎನಿವೆಟಾಕ್ ಅಟಾಲಿನಲ್ಲಿ ಕೊರೆದ ಬಾವಿಗಳು ಸಾವಿರದ ಇನ್ನೂರು ಮೀಟರಿಗೂ ಹೆಚ್ಚು ದಪ್ಪದ ಸುಣ್ಣದ ಪದರವನ್ನು ದಾಟಿ ಜ್ವಾಲಾಮುಖಿಯ ಕಲ್ಲನ್ನು ಮುಟ್ಟಿದಾಗ ಡಾರ್ವಿನ್ನನ ಊಹೆಗೆ ಬಲವಾದ ಪುರಾವೆ ಸಿಕ್ಕಿತು.

ಲಕ್ಷದ್ವೀಪ, ಮಾಲ್ಡೀವ್ಸ್ ಮತ್ತು ಚಾಗೋಸ್ ದ್ವೀಪಗಳು ಉತ್ತರ ದಕ್ಷಿಣವಾಗಿ ಚಾಚಿರುವ ಒಂದೇ ಸಾಗರದಡಿಯ ಏಣಿನ ಮೇಲೆ ನಿಂತಿವೆ. ಲಕ್ಷದ್ವೀಪದ ಮೂವತ್ತೆರಡು ಚದರ ಕಿಲೋಮೀಟರ್ ನೆಲವನ್ನು ಸುತ್ತುವರಿದಿರುವ ಲಗೂನುಗಳ ವಿಸ್ತಾರ ಸುಮಾರು 4,200 ಚದರ ಕಿಲೋಮೀಟರ್ ಎಂಬುದನ್ನು ಗಮನಿಸಿದರೆ, ಇಲ್ಲಿ ನೆಲವೆಂಬುದು ದಿಬ್ಬದ ಒಂದು ಅಲ್ಪ ಭಾಗವಷ್ಟೇ ಎಂಬುದು ಸ್ಪಷ್ಟವಾಗುತ್ತದೆ. ಮುಂಗಾರಿನ ಅಲೆಗಳು ಹೊರಗಿನ ದಿಬ್ಬಕ್ಕೆ ಅಪ್ಪಳಿಸಿ ಶಕ್ತಿ ಕಳೆದುಕೊಳ್ಳುತ್ತವೆ; ಜಗತ್ತಿನ ಬೇರೆಬೇರೆ ಕಡೆಯ ಅಳತೆಗಳನ್ನು ಒಟ್ಟುಗೂಡಿಸಿದ ಅಧ್ಯಯನವೊಂದು ಹವಳದ ದಿಬ್ಬಗಳು ಅಲೆಗಳ ಶಕ್ತಿಯನ್ನು ಸರಾಸರಿ ಶೇಕಡಾ 97ರಷ್ಟು ತಗ್ಗಿಸುತ್ತವೆ ಎಂದು 2014ರಲ್ಲಿ ತೋರಿಸಿತು. ಕುಡಿಯುವ ನೀರೂ ಈ ರಚನೆಯನ್ನೇ ಅವಲಂಬಿಸಿದೆ. ಮಳೆಯ ನೀರು ಹವಳದ ಮರಳಿನಲ್ಲಿ ಇಂಗಿ, ಉಪ್ಪುನೀರಿಗಿಂತ ಹಗುರವಾದ ಕಾರಣ ಅದರ ಮೇಲೆ ತೆಳುವಾದ ಪದರವಾಗಿ ತೇಲುತ್ತ ನಿಲ್ಲುತ್ತದೆ. ದ್ವೀಪದ ಬಾವಿಗಳಿಗೆ ಬರುವ ಸಿಹಿನೀರು ಅದೇ. ಅಂಚಿನ ಮರಳು ಕೊಚ್ಚಿಹೋಗಿ ದ್ವೀಪ ಕಿರಿದಾದಷ್ಟೂ ಆ ಪದರ ತೆಳುವಾಗುತ್ತದೆ.

ಅನಿಮೋನ್ ಮತ್ತು ಅದರ ಒಕ್ಕಲು

ದಿಬ್ಬದ ಬಂಡೆಗಳ ಸಂದಿನಲ್ಲಿ ಬೇರೂರಿದಂತೆ ಕುಳಿತಿರುವ ಕಡಲ ಅನಿಮೋನ್ ಹವಳದ ಹತ್ತಿರದ ಸಂಬಂಧಿ. ಇದು ಸಹ ಪಾಲಿಪ್ ಆಗಿದ್ದರೂ ಸುಣ್ಣದ ಅಸ್ಥಿಯನ್ನು ಕಟ್ಟುವುದಿಲ್ಲ. ಸಾಮಾನ್ಯವಾಗಿ ಒಂಟಿಯಾಗಿಯೇ ಬೆಳೆದು, ಕೆಲವು ಉಷ್ಣವಲಯದ ಪ್ರಭೇದಗಳು ಅರ್ಧ ಮೀಟರಿಗೂ ಮೀರಿದ ಅಗಲವನ್ನು ತಲುಪುತ್ತವೆ. ಬುಡದ ತಟ್ಟೆಯಂತಹ ಪಾದದಿಂದ ಬಂಡೆಗೆ ಅಂಟಿಕೊಂಡಿದ್ದರೂ ಅಗತ್ಯಬಿದ್ದಾಗ ಅದು ನಿಧಾನವಾಗಿ ಜಾರುತ್ತ ಜಾಗ ಬದಲಿಸಬಲ್ಲದು. ಜಗತ್ತಿನಲ್ಲಿ ಸಾವಿರಕ್ಕೂ ಹೆಚ್ಚು ಪ್ರಭೇದದ ಅನಿಮೋನ್‌ಗಳಿದ್ದು, ಅವುಗಳಲ್ಲಿ ಸುಮಾರು ಹತ್ತು ಮಾತ್ರ ಕ್ಲೌನ್ ಮೀನುಗಳಿಗೆ ಮನೆಯಾಗುತ್ತವೆ.

ಬೇರೆ ಚಿಕ್ಕ ಮೀನುಗಳನ್ನು ಕುಟುಕಿ ಕೊಲ್ಲಬಲ್ಲ ಗ್ರಹಣಾಂಗಗಳ ನಡುವೆ ಕಿತ್ತಳೆ ಬಣ್ಣದ, ಬಿಳಿ ಪಟ್ಟೆಯ ಈ ಪುಟ್ಟ ಮೀನು ನಿರಾತಂಕವಾಗಿ ಓಡಾಡುತ್ತದೆ. ಕುಟುಕುಕಣಗಳನ್ನು ಕೆರಳಿಸುವ ರಾಸಾಯನಿಕಗಳು ಅದರ ಮೈಮೇಲಿನ ಲೋಳೆಯಲ್ಲಿ ಕಡಿಮೆ ಇರುವುದು ಇದಕ್ಕೆ ಕಾರಣವೆಂದು ಸಂಶೋಧನೆಗಳು ಸೂಚಿಸುತ್ತವೆ. ಹೊಸ ಅನಿಮೋನ್‌ಗೆ ಬಂದ ಮೀನು ಮೊದಲು ಬಾಲದ ಅಂಚನ್ನು, ಆಮೇಲೆ ಹೊಟ್ಟೆಯನ್ನು ಮೆಲ್ಲಗೆ ತಾಗಿಸುತ್ತ, ಹಂತಹಂತವಾಗಿ ಹೊಂದಿಕೊಳ್ಳುವುದೂ ಕಂಡುಬಂದಿದೆ. ಮೀನಿಗೆ ದೊರೆಯುವುದು ರಕ್ಷಣೆ. ಅನಿಮೋನ್‌ಗೆ ದೊರೆಯುವ ಲಾಭವೂ ಸಣ್ಣದಲ್ಲ: ಗ್ರಹಣಾಂಗಗಳನ್ನು ಕಿತ್ತು ತಿನ್ನಲು ಬರುವ ಚಿಟ್ಟೆಮೀನುಗಳನ್ನು ಕ್ಲೌನ್ ಮೀನು ಅಟ್ಟಿಸಿಕೊಂಡು ಹೋಗುತ್ತದೆ, ರೆಕ್ಕೆ ಬೀಸಿ ನೀರು ಹರಿಯುವಂತೆ ಮಾಡುತ್ತದೆ, ಅದರ ಮಲಮೂತ್ರಗಳ ಸಾರಜನಕ ಅನಿಮೋನ್‌ನೊಳಗಿನ ಶೈವಲಗಳಿಗೆ ಗೊಬ್ಬರವಾಗುತ್ತದೆ. ಒಂದು ಅನಿಮೋನ್‌ನಲ್ಲಿರುವ ಗುಂಪಿನ ಅತಿ ದೊಡ್ಡ ಮೀನು ಹೆಣ್ಣು, ಎರಡನೆಯದು ಅದರ ಜೊತೆಗಾರ ಗಂಡು, ಉಳಿದವು ಸಂತಾನ ಸಾಮರ್ಥ್ಯಕ್ಕೆ ಬಾರದ ಕಿರಿಯವು. ಹೆಣ್ಣು ಸತ್ತರೆ ಆ ಗಂಡೇ ಕ್ರಮೇಣ ಹೆಣ್ಣಾಗಿ ಮಾರ್ಪಟ್ಟು, ಕಿರಿಯವುಗಳಲ್ಲಿ ದೊಡ್ಡದು ಗಂಡಿನ ಸ್ಥಾನಕ್ಕೆ ಏರುತ್ತದೆ. ಮನೆ ಬಿಟ್ಟು ಸಂಗಾತಿಯನ್ನು ಅರಸಲು ಹೊರಟರೆ ಸಾವು ನಿಶ್ಚಿತವಾಗಿರುವ ಜೀವಿಗೆ ಈ ಏರ್ಪಾಡು ಅತ್ಯಂತ ಉಚಿತವಾದುದು. ಆದರೆ ಅನಿಮೋನ್ ಅಳಿದರೆ ಈ ಇಡೀ ಕುಟುಂಬಕ್ಕೆ ಬೇರೆ ಆಸರೆಯಿಲ್ಲ.

ಮರಳು ತಯಾರಿಸುವ ಮೀನು

ಹವಳ ಕಟ್ಟಿದ ಅಸ್ಥಿ ದ್ವೀಪದ ಮರಳಾಗುವ ಕ್ರಿಯೆಯಲ್ಲಿ ಗಿಳಿಮೀನಿನ ಪಾತ್ರ ದೊಡ್ಡದು. ಒಂದಕ್ಕೊಂದು ಬೆಸೆದುಕೊಂಡ ಹಲ್ಲುಗಳಿಂದಾದ ಗಿಳಿಯ ಕೊಕ್ಕಿನಂತಹ ಬಾಯಿಯಿಂದ ಈ ಮೀನು ಸತ್ತ ಹವಳದ ಮೇಲ್ಮೈಯನ್ನು ಕೆರೆಯುತ್ತ ಸಾಗುತ್ತದೆ. ಹತ್ತಿರದಲ್ಲಿರುವ ಮುಳುಗುಗಾರರಿಗೆ ಆ ಕೆರೆತದ ಸದ್ದು ನೀರಿನೊಳಗೂ ಸ್ಪಷ್ಟವಾಗಿ ಕೇಳಿಸುತ್ತದೆ. ಬಾಯಿಗೆ ಬಂದ ಸುಣ್ಣದ ಚೂರುಗಳನ್ನು ಗಂಟಲಿನಲ್ಲಿರುವ ಇನ್ನೊಂದು ಜೊತೆ ಹಲ್ಲುಪಟ್ಟಿಗಳು ಅರೆಯುತ್ತವೆ. ಶೈವಲ ಮತ್ತು ಸೂಕ್ಷ್ಮಜೀವಿಗಳು ಜೀರ್ಣವಾದ ಮೇಲೆ ಉಳಿದ ಸುಣ್ಣ ನುಣ್ಣನೆಯ ಬಿಳಿ ಮರಳಾಗಿ ಹೊರಬೀಳುತ್ತದೆ. ಮಾಲ್ಡೀವ್ಸ್‌ನ ವಕ್ಕಾರು ದ್ವೀಪದ ದಿಬ್ಬದಲ್ಲಿ ನಡೆದ ಅಧ್ಯಯನವು ಅಲ್ಲಿ ಹೊಸದಾಗಿ ಉತ್ಪತ್ತಿಯಾಗುವ ಮರಳಿನಲ್ಲಿ ಶೇಕಡಾ 80ಕ್ಕೂ ಹೆಚ್ಚು ಪಾಲು ಗಿಳಿಮೀನುಗಳದ್ದೆಂದು 2015ರಲ್ಲಿ ವರದಿ ಮಾಡಿತು.

ಗಿಳಿಮೀನಿನ ಕೆಲಸ ಮರಳಿಗೆ ಮುಗಿಯುವುದಿಲ್ಲ. ಹವಳ ಸತ್ತ ಜಾಗದಲ್ಲಿ ಮೊದಲು ಬೆಳೆಯುವುದು ಪಾಚಿ. ಅದು ದಟ್ಟವಾದರೆ, ಹುಣ್ಣಿಮೆಯ ಆಸುಪಾಸಿನ ರಾತ್ರಿಗಳಲ್ಲಿ ಅನೇಕ ಹವಳಗಳು ನೀರಿಗೆ ಬಿಡುವ ಅಂಡ ಮತ್ತು ವೀರ್ಯಗಳಿಂದ ಹುಟ್ಟಿ ತೇಲುತ್ತ ಬರುವ ಡಿಂಭಗಳಿಗೆ ಅಂಟಿಕೊಳ್ಳಲು ಬರಿಯ ಬಂಡೆ ಸಿಗುವುದಿಲ್ಲ. ಪಾಚಿಯನ್ನು ಮೇಯುವ ಗಿಳಿಮೀನು, ಸರ್ಜನ್ ಮೀನು ಮತ್ತು ಕಡಲ ಮುಳ್ಳುಗೋಳಗಳು ಆ ಬಂಡೆಯನ್ನು ಹಸನುಗೊಳಿಸಿ ಇಡುತ್ತವೆ. 1983–84ರಲ್ಲಿ ಕೆರಿಬಿಯನ್ ಸಮುದ್ರದ ಕರಿಮುಳ್ಳುಗೋಳಗಳು ರೋಗಕ್ಕೆ ತುತ್ತಾಗಿ ಬಹುತೇಕ ನಾಶವಾದಾಗ, ಅಲ್ಲಿನ ಎಷ್ಟೋ ದಿಬ್ಬಗಳನ್ನು ಪಾಚಿ ಆಕ್ರಮಿಸಿತು. ಅವುಗಳಲ್ಲಿ ಹಲವು ಇಂದಿಗೂ ಹಿಂದಿನ ಸ್ಥಿತಿಗೆ ಮರಳಿಲ್ಲ. ದಿಬ್ಬದ ಒಂದು ಜೀವಿಯ ಕೆಲಸ ನಿಂತರೆ ಕಟ್ಟುವ ಕೆಲಸವೇ ನಿಲ್ಲಬಹುದೆಂಬುದಕ್ಕೆ ಇದಕ್ಕಿಂತ ಸ್ಪಷ್ಟ ನಿದರ್ಶನ ಬೇಕಿಲ್ಲ.

ಬಿಸಿಯೇರಿದಾಗ

ಹವಳ ಮತ್ತು ಶೈವಲಗಳ ಸಹಜೀವನ ಎಷ್ಟು ಫಲಪ್ರದವೋ ಅಷ್ಟೇ ಸೂಕ್ಷ್ಮ. ಒಂದು ಪ್ರದೇಶದ ಬೇಸಗೆಯ ಸಾಮಾನ್ಯ ಗರಿಷ್ಠ ತಾಪಮಾನಕ್ಕಿಂತ ನೀರು ಕೇವಲ ಒಂದು ಡಿಗ್ರಿ ಸೆಲ್ಸಿಯಸ್ ಹೆಚ್ಚಾಗಿ ಕೆಲವು ವಾರ ಹಾಗೆಯೇ ಉಳಿದರೆ, ಶೈವಲಗಳ ದ್ಯುತಿಸಂಶ್ಲೇಷಣೆಯ ವ್ಯವಸ್ಥೆ ಹದಗೆಟ್ಟು ಜೀವಕೋಶಗಳಿಗೆ ಹಾನಿಕರವಾದ ಆಮ್ಲಜನಕದ ಸಂಯುಕ್ತಗಳು ಉತ್ಪತ್ತಿಯಾಗತೊಡಗುತ್ತವೆ; ಆಗ ಹವಳ ತನ್ನೊಳಗಿನ ಶೈವಲಗಳನ್ನು ಹೊರಹಾಕುತ್ತದೆ. ಬಣ್ಣ ಕೊಡುತ್ತಿದ್ದ ಶೈವಲ ಹೋದ ಮೇಲೆ ಪಾರದರ್ಶಕ ಅಂಗಾಂಶದ ಮೂಲಕ ಸುಣ್ಣದ ಅಸ್ಥಿ ಬೆಳ್ಳಗೆ ಕಾಣುವುದರಿಂದ ಇದನ್ನು ಹವಳದ ಬಿಳಿಚುವಿಕೆ ಎನ್ನುತ್ತಾರೆ. ಬಿಳಿಚಿದ ಹವಳ ಸತ್ತಿರುವುದಿಲ್ಲ, ಹಸಿದಿರುತ್ತದೆ. ನೀರು ಬೇಗ ತಣ್ಣಗಾದರೆ ಶೈವಲಗಳು ಮತ್ತೆ ನೆಲೆಸಿ ಅದು ಚೇತರಿಸಿಕೊಳ್ಳಬಲ್ಲದು, ಬಿಸಿ ಮುಂದುವರಿದರೆ ಸಾಯುತ್ತದೆ. ಶೈವಲಗಳನ್ನು ಪೋಷಿಸುವ ಅನಿಮೋನ್‌ಗಳೂ ಇದೇ ರೀತಿ ಬಿಳಿಚುತ್ತವೆ.

ಪೆಸಿಫಿಕ್ ಸಾಗರದ ನೀರು ಬೆಚ್ಚಗಾಗುವ ಎಲ್ ನಿನೊ ವಿದ್ಯಮಾನ ಪ್ರಬಲವಾಗಿದ್ದ 1998ರಲ್ಲಿ ಜಗತ್ತಿನ ಸುಮಾರು ಶೇಕಡಾ 16ರಷ್ಟು ಹವಳಗಳು ನಾಶವಾದವೆಂದು ಅಂದಾಜಿಸಲಾಗಿದ್ದು, ಲಕ್ಷದ್ವೀಪವೂ ಆಗ ಭಾರಿ ಪೆಟ್ಟು ತಿಂದಿತು. ಅದರ ನಂತರ 2010ರಲ್ಲಿ, 2016ರಲ್ಲಿ, ಮತ್ತೆ 2024ರಲ್ಲಿ ಬಿಳಿಚುವಿಕೆ ಮರುಕಳಿಸಿತು. ಜಗತ್ತು ನಾಲ್ಕನೆಯ ಜಾಗತಿಕ ಬಿಳಿಚುವಿಕೆಯನ್ನು ಎದುರಿಸುತ್ತಿದೆ ಎಂದು ಅಮೆರಿಕದ ಸಾಗರ ಮತ್ತು ವಾಯುಮಂಡಲ ಸಂಸ್ಥೆ 2024ರ ಏಪ್ರಿಲ್‌ನಲ್ಲಿ ಘೋಷಿಸಿತು. ಲಕ್ಷದ್ವೀಪದ ದಿಬ್ಬಗಳನ್ನು 1998ರಿಂದ ನಿರಂತರವಾಗಿ ಅಭ್ಯಸಿಸುತ್ತಿರುವ, ಮೈಸೂರಿನಲ್ಲಿ ನೆಲೆ ಹೊಂದಿರುವ ನೇಚರ್ ಕನ್ಸರ್ವೇಶನ್ ಫೌಂಡೇಶನ್ ಸಂಸ್ಥೆಯ ವಿಜ್ಞಾನಿಗಳು ಅಗತ್ತಿ, ಕಡಮತ್ ಮತ್ತು ಕವರತ್ತಿಯ ದಿಬ್ಬಗಳಲ್ಲಿ 24 ವರ್ಷಗಳ ಅವಧಿಯಲ್ಲಿ ಜೀವಂತ ಹವಳದ ಹೊದಿಕೆ ಶೇಕಡಾ 37ರ ಆಸುಪಾಸಿನಿಂದ ಶೇಕಡಾ 20ಕ್ಕೂ ಕಡಿಮೆ ಮಟ್ಟಕ್ಕೆ ಇಳಿದಿರುವುದನ್ನು ದಾಖಲಿಸಿದ್ದಾರೆ. ಬಿಸಿಯಲೆಯಿಲ್ಲದ ಆರು ವರ್ಷಗಳಷ್ಟು ಬಿಡುವು ಸಿಕ್ಕ ಮೇಲೆ ಚೇತರಿಕೆ ಚುರುಕಾಗುವುದನ್ನೂ ಅವರ ಅಧ್ಯಯನ ತೋರಿಸಿಕೊಟ್ಟಿದೆ. ಎರಡು ಆಘಾತಗಳ ನಡುವಿನ ಬಿಡುವು ಕಿರಿದಾಗುತ್ತ ಹೋದರೆ ಬೇಗ ಬೆಳೆಯುವ ಕವಲು ಹವಳಗಳೂ ಮತ್ತೆ ತಲೆಯೆತ್ತಲಾರವು. ಇದರೊಂದಿಗೆ, ವಾತಾವರಣದ ಇಂಗಾಲದ ಡೈಆಕ್ಸೈಡ್ ಕಡಲಿನಲ್ಲಿ ಕರಗಿ ನೀರಿನ ಆಮ್ಲೀಯತೆಯನ್ನು ಹೆಚ್ಚಿಸುತ್ತಿರುವುದರಿಂದ, ಉಳಿದ ಹವಳಗಳಿಗೂ ಸುಣ್ಣ ಕಟ್ಟುವುದು ಕಷ್ಟವಾಗುತ್ತಿದೆ.

ಕಾಯುವ ದಾರಿ

ಲಕ್ಷದ್ವೀಪದ ದಿಬ್ಬಗಳು ಇಷ್ಟು ಆಘಾತಗಳ ನಂತರವೂ ಪಾಚಿಯ ಪಾಲಾಗದೆ ಉಳಿದಿರುವುದರ ಹಿಂದೆ ಅಲ್ಲಿನ ಮೀನುಗಾರಿಕೆಯ ಕೊಡುಗೆಯಿದೆ. ದಕ್ಷಿಣದ ಮಿನಿಕಾಯ್ ದ್ವೀಪದ ಬೆಸ್ತರು ತಲೆಮಾರುಗಳಿಂದ ರೂಢಿಸಿಕೊಂಡಿದ್ದ ಗಾಳದ ಕೋಲಿನ ವಿಧಾನ 1960ರ ದಶಕದಿಂದ ಉಳಿದ ದ್ವೀಪಗಳಿಗೂ ಹರಡಿತು. ಲಗೂನಿನಲ್ಲಿ ಹಿಡಿದ ಸಣ್ಣ ಮೀನುಗಳನ್ನು ಜೀವಂತವಾಗಿ ದೋಣಿಯಲ್ಲಿಟ್ಟುಕೊಂಡು ಹೊರಗಡಲಿಗೆ ಹೋಗಿ, ಅವನ್ನು ನೀರಿಗೆ ಎರಚಿ ಟ್ಯೂನಾ ಮೀನಿನ ಹಿಂಡನ್ನು ದೋಣಿಯ ಬಳಿಗೆ ಸೆಳೆದು, ಕೋಲಿನ ಗಾಳದಿಂದ ಒಂದೊಂದಾಗಿ ಎತ್ತಿ ಹಾಕುವ ಈ ವಿಧಾನದಿಂದ ದ್ವೀಪದ ಊಟ ಮತ್ತು ಆದಾಯಗಳೆರಡೂ ಹೊರಗಡಲಿನಿಂದ ಬರುವಂತಾಯಿತು. ದಿಬ್ಬದ ಗಿಳಿಮೀನು ಮತ್ತು ಸರ್ಜನ್ ಮೀನುಗಳ ಮೇಲೆ ಒತ್ತಡ ಬೀಳಲಿಲ್ಲ. ಈಚಿನ ವರ್ಷಗಳಲ್ಲಿ ದಿಬ್ಬದ ಮೀನುಗಳಿಗೆ ಹೊರಗಿನ ಮಾರುಕಟ್ಟೆ ಬೆಳೆಯುತ್ತಿರುವುದು ಆದ್ದರಿಂದಲೇ ಕಳವಳದ ಸಂಗತಿ. ಬಿಸಿಯಿಂದ ಸತ್ತ ಹವಳದ ಜಾಗದಲ್ಲಿ ಹೊಸದು ಹುಟ್ಟಬೇಕಾದರೆ ಬಂಡೆಯನ್ನು ಹಸನುಗೊಳಿಸುವ ಈ ಮೀನುಗಳು ಇರಲೇಬೇಕು.

ಕಾನೂನಿನ ಬಲವೂ ಒಂದಿಷ್ಟಿದೆ. 2001ರಲ್ಲಿ ಭಾರತ ಸರ್ಕಾರ ದಿಬ್ಬ ಕಟ್ಟುವ ಹವಳಗಳನ್ನೂ ಕಡಲ ಸೌತೆಗಳೆಂಬ ಪ್ರಾಣಿಗಳನ್ನೂ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲನೆಯ ಅನುಸೂಚಿಗೆ ಸೇರಿಸಿ, ಹುಲಿ ಮತ್ತು ಆನೆಗೆ ಇರುವ ರಕ್ಷಣೆಯನ್ನೇ ಅವಕ್ಕೂ ಒದಗಿಸಿತು. ಹವಳದ ತುಂಡನ್ನು ಕಿತ್ತು ತರುವುದು, ಮಾರುವುದು ಎರಡೂ ಅಪರಾಧ. ನೇತ್ರಾಣಿಯಲ್ಲಿ ಸ್ಕೂಬಾ ಡೈವಿಂಗ್ ಮಾಡುವ ಪ್ರವಾಸಿಗರಿಗೂ ಇದು ಅನ್ವಯಿಸುತ್ತದೆ. ಮುಳುಗುಗಾರರ ಕಾಲು ತಾಗಿ ಮುರಿದ ಕೊಂಬೆಯೊಂದು ಮತ್ತೆ ಬೆಳೆಯಲು ವರ್ಷಗಳು ಬೇಕು, ದೋಣಿಯ ಲಂಗರು ಹವಳದ ಮೇಲೆ ಬಿದ್ದರೆ ದಶಕಗಳ ಬೆಳವಣಿಗೆ ಕ್ಷಣದಲ್ಲಿ ಪುಡಿಯಾಗುತ್ತದೆ ಎಂಬ ತಿಳಿವಳಿಕೆ ಅಲ್ಲಿಗೆ ಹೋಗುವ ಪ್ರತಿಯೊಬ್ಬರಿಗೂ ಇರಬೇಕು.

ಆದರೆ ಕಡಲ ಬಿಸಿಯನ್ನು ದ್ವೀಪವಾಸಿಗಳ ಎಚ್ಚರಿಕೆಯಾಗಲಿ ಕಾಯ್ದೆಯಾಗಲಿ ತಗ್ಗಿಸಲಾರದು. ಭೂಮಿಯ ಸರಾಸರಿ ತಾಪಮಾನ ಕೈಗಾರಿಕಾ ಯುಗಕ್ಕೆ ಮೊದಲಿದ್ದುದಕ್ಕಿಂತ 1.5 ಡಿಗ್ರಿ ಹೆಚ್ಚಿದರೆ ಉಷ್ಣವಲಯದ ಹವಳಗಳಲ್ಲಿ ಶೇಕಡಾ 70ರಿಂದ 90ರಷ್ಟು, 2 ಡಿಗ್ರಿ ಹೆಚ್ಚಿದರೆ ಶೇಕಡಾ 99ಕ್ಕೂ ಅಧಿಕ ನಷ್ಟವಾಗುವ ಸಂಭವವಿದೆಯೆಂದು ಹವಾಮಾನ ಬದಲಾವಣೆ ಕುರಿತ ಅಂತರಸರ್ಕಾರಿ ಸಮಿತಿ 2018ರಲ್ಲಿ ಎಚ್ಚರಿಸಿತು. ಈ ಎರಡು ಅಂಕಿಗಳ ನಡುವಿನ ಅಂತರ ಅರ್ಧ ಡಿಗ್ರಿ ಮಾತ್ರ. ಆದರೆ ಮುಂದೆ ದಿಬ್ಬಗಳನ್ನು ಮತ್ತೆ ಬೆಳೆಸಬಲ್ಲ ಬೀಜದಷ್ಟು ಹವಳ ಉಳಿಯುವುದೋ ಇಲ್ಲವೋ ಎಂಬುದು ಆ ಅರ್ಧ ಡಿಗ್ರಿಯಲ್ಲಿಯೇ ನಿರ್ಧಾರವಾಗುತ್ತದೆ. ಕಲ್ಲಿದ್ದಲು ಮತ್ತು ತೈಲಗಳ ಬಳಕೆಯನ್ನು ತಗ್ಗಿಸುವ ಹೊಣೆ ಮುಖ್ಯಭೂಮಿಯಲ್ಲಿರುವವರದ್ದು, ದಿಬ್ಬದ ಮೀನುಗಳನ್ನು ಕಾಯುವ ಹೊಣೆ ದ್ವೀಪದವರದ್ದು ಮತ್ತು ಆ ಮೀನನ್ನು ಕೊಳ್ಳುವವರದ್ದು. ಕೆಲವೇ ಮಿಲಿಮೀಟರ್ ಅಗಲದ ಪ್ರಾಣಿಗಳು ಸಾವಿರಾರು ವರ್ಷಗಳ ದುಡಿಮೆಯಿಂದ ಕಟ್ಟಿ ನಿಲ್ಲಿಸಿದ ನೆಲದ ಮೇಲೆ ಮನುಷ್ಯರು ಬಾಳುವುದು ಮುಂದುವರಿಯಬೇಕಾದರೆ ಈ ಎರಡೂ ಹೊಣೆಗಳು ಒಟ್ಟಿಗೇ ನೆರವೇರಬೇಕು.